ಟ್ಯಾಮ್ ಒಶಾಂಟರ್‌ನ ಗಾಲ್ಫ್ ಜಾತ್ರೆ ನಿಂತದ್ದೇಕೆ?

ಪ್ರಶ್ನೆ: ಅಮೆರಿಕದಾದ್ಯಂತ ಟಿ.ವಿ.ಯಲ್ಲಿ ಮೊದಲು ನೇರ ಪ್ರಸಾರ ಕಂಡ ಗಾಲ್ಫ್ ಟೂರ್ನಿ ‘ವರ್ಲ್ಡ್ ಚಾಂಪಿಯನ್‌ಷಿಪ್ ಆಫ್ ಗಾಲ್ಫ್’ ಎಂದು ಓದಿದೆ. ಬಹುಮಾನದ ಮೊತ್ತವೂ ಭಾರಿಯಾಗಿತ್ತಂತೆ. ಹಾಗಿದ್ದರೂ ಅದು 12 ವರ್ಷಗಳಲ್ಲೇ ನಿಂತುಹೋದದ್ದೇಕೆ?

ಉತ್ತರ: ಆ ಟೂರ್ನಿ ನಡೆಯುತ್ತಿದ್ದುದು ಒಬ್ಬನೇ ವ್ಯಕ್ತಿಯ ಜೇಬಿನಿಂದ. ಷಿಕಾಗೊ ಸಮೀಪದ ನೈಲ್ಸ್‌ನಲ್ಲಿದ್ದ ಟ್ಯಾಮ್ ಒಶಾಂಟರ್ ಕಂಟ್ರಿ ಕ್ಲಬ್‌ನ ಒಡೆಯ ಜಾರ್ಜ್ ಎಸ್. ಮೇ, ಉದ್ಯಮಗಳಿಗೆ ಆಡಳಿತ ಸಲಹೆ ನೀಡುವ ಕಂಪನಿ ಕಟ್ಟಿ ಹಣವಂತರಾಗಿದ್ದವರು. ಕಣ್ಣು ಕುಕ್ಕುವ ಬಣ್ಣದ ಅಂಗಿ ತೊಟ್ಟು ಮೈದಾನವಿಡೀ ಓಡಾಡುತ್ತಿದ್ದವರು. 1946ರಲ್ಲಿ ಗೆದ್ದವನಿಗೇ ಪೂರ್ತಿ 10,000 ಡಾಲರ್ ಎಂದು ಅವರು ಆರಂಭಿಸಿದ ಈ ಸ್ಪರ್ಧೆಯ ಮೊದಲ ವಿಜೇತ ಸ್ಯಾಮ್ ಸ್ನೀಡ್.

ನೀವು ಓದಿರುವ ಪ್ರಸಾರ 1953ರದ್ದು. ಅದಕ್ಕೂ ಮೇ ಅವರೇ ಎಬಿಸಿ ವಾಹಿನಿಗೆ ಹಣ ತೆತ್ತಿದ್ದರು. ಚಾಂಡ್ಲರ್ ಹಾರ್ಪರ್ ಕೊನೆಯ ಗುಳಿಯಲ್ಲಿ ಬರ್ಡಿ (ನಿಗದಿತ ಹೊಡೆತಗಳಿಗಿಂತ ಒಂದು ಕಡಿಮೆ) ಗಳಿಸಿ ಆಟ ಮುಗಿಸಿದಾಗ ಗೆಲುವು ಅವರದೇ ಎಂದು ಎಲ್ಲರೂ ಬಗೆದಿದ್ದರು. ಹಿಂದೆ ಬರುತ್ತಿದ್ದ ಲೂ ವರ್ಷಮ್‌ಗೆ ಸಮಬಲ ಸಾಧಿಸಲೇ ಒಂದು ಬರ್ಡಿ ಬೇಕಿತ್ತು. ನೂರು ಗಜಕ್ಕೂ ಮಿಕ್ಕಿದ ದೂರದಿಂದ ಅವರು ವೆಡ್ಜ್ ಎಂಬ ಗಾಲ್ಫ್ ಕೋಲಿನಿಂದ ಎತ್ತಿ ಹೊಡೆದ ಚೆಂಡು ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನ್ ಮೇಲೆ ಬಿದ್ದು, ಉರುಳುತ್ತ ಹೋಗಿ, ನೇರ ಗುಳಿಗಿಳಿಯಿತು: ಈಗಲ್ (ನಿಗದಿಗಿಂತ ಎರಡು ಹೊಡೆತ ಕಡಿಮೆ), ಒಂದೇ ಹೊಡೆತದ ಅಂತರದ ಜಯ, 25,000 ಡಾಲರ್. ಅದೇ ವರ್ಷ ಯು.ಎಸ್. ಓಪನ್ ಗೆದ್ದ ಬೆನ್ ಹೋಗನ್‌ಗೆ ಸಿಕ್ಕಿದ್ದು 5,000 ಡಾಲರ್ ಎಂಬುದನ್ನು ಗಮನಿಸಿದರೆ ಮೇ ಅವರ ಧಾರಾಳತನ ಅರ್ಥವಾಗುತ್ತದೆ. ಮರುವರ್ಷ ಅವರು ಮೊದಲ ಬಹುಮಾನವನ್ನು 50,000ಕ್ಕೆ ಏರಿಸಿದರು. ಅದು ಬಾಬ್ ಟಾಸ್ಕಿ ಪಾಲಾಯಿತು.

ಆದರೆ ಹಣದ ಜೊತೆಗೆ ಮೇ ಅವರ ಹಟವೂ ಬರುತ್ತಿತ್ತು. ಪ್ರೇಕ್ಷಕರಿಗೆ ಗುರುತು ಸಿಗಲೆಂದು ಆಟಗಾರರು ಬೆನ್ನಿಗೆ ಸಂಖ್ಯೆ ಕಟ್ಟಿಕೊಳ್ಳಬೇಕೆಂದಾಗ, ನಾವೇನು ರೇಸಿನ ಕುದುರೆಗಳೇ ಎಂಬಂತೆ ಹಲವರು ಮುನಿಸಿಕೊಂಡರು. ಎಲ್ಲ ಹಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ನ್ಯಾಯವಲ್ಲ. ವೃತ್ತಿಪರರ ಸಂಘವಾದ ಪಿಜಿಎ, ಬಿಳಿಯರಿಗಷ್ಟೇ ಸದಸ್ಯತ್ವ ಎಂಬ ನಿಯಮವನ್ನು 1961ರವರೆಗೂ ಉಳಿಸಿಕೊಂಡಿದ್ದಾಗ, ಟ್ಯಾಮ್ ಒಶಾಂಟರ್‌ನ ಸ್ಪರ್ಧೆಗಳಲ್ಲಿ ಕರಿಯ ಆಟಗಾರರಿಗೂ ಅವಕಾಶವಿತ್ತು. ನನ್ನ ಮಟ್ಟಿಗೆ ಇದು ಆ ಈಗಲ್‌ಗಿಂತ ದೊಡ್ಡ ಸಂಗತಿ.

ಪಿಜಿಎ ಜೊತೆಗಿನ ಮನಸ್ತಾಪ ಬಿಗಡಾಯಿಸಿ, 1957ರಲ್ಲಿ ಡಿಕ್ ಮೇಯರ್ ಗೆದ್ದ ಸ್ಪರ್ಧೆಯೇ ಕೊನೆಯದಾಯಿತು. ಜಾರ್ಜ್ ಮೇ ಕೈ ಹಿಂತೆಗೆದ ಮೇಲೆ ಅಷ್ಟು ಹಣ ಸುರಿಯಲು ಮತ್ತೊಬ್ಬರು ಮುಂದೆ ಬರಲಿಲ್ಲ.