ಕ್ಷಮಿಸಿದ ಮೇಲೆ ಕೇಸು ಹಾಕಬಾರದೇ?

ಪ್ರಶ್ನೆ: ಒಂದೇ ಕ್ರೈಸ್ತ ಸಭೆಯವರು, ಒಂದೇ ಗಾಯನ ತಂಡದವರು ಎಂಬ ನಂಬಿಕೆಯಿಂದ ಒಬ್ಬರ ಜೊತೆ ಪಾಲುದಾರಿಕೆಯಲ್ಲಿ ವ್ಯಾಪಾರ ಶುರುಮಾಡಿದೆ. ಅವರು ನನಗೆ ತಿಳಿಯದಂತೆ ಹಣ ತೆಗೆದರು. ಇಬ್ಬರ ಹೆಸರಿನ ಸಾಲ ಈಗ ನನ್ನೊಬ್ಬಳ ತಲೆಯ ಮೇಲಿದೆ. ತಪ್ಪೊಪ್ಪಿಕೊಂಡಿಲ್ಲ, ಪ್ರತಿ ಭಾನುವಾರ ಮುಂದೆ ನಿಂತು ಹಾಡುತ್ತಾರೆ. ಅವರಿಗಾಗಿ ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ಮೈ ಉರಿಯುತ್ತದೆ, ಕರ್ತನ ಭೋಜನಕ್ಕೂ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೂ) ಹೋಗುತ್ತಿಲ್ಲ. ‘ಕ್ಷಮಿಸಿದವಳು ಕೇಸು ಹಾಕುವುದಿಲ್ಲ’ ಎನ್ನುತ್ತಾರೆ ಸಭೆಯ ಹಿರಿಯರು. ನಾನು ಕಪಟಿಯೇ?

ಉತ್ತರ: ಪ್ರಿಯ ಸಹೋದರಿ, ಕಪಟಿಯಾಗಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ನಿಮಗಾಗಿರುವುದು ದೊಡ್ಡ ಅನ್ಯಾಯ, ಅದಕ್ಕೆ ಮೈ ಉರಿಯುವುದು ಸಹಜ.

ಮೊದಲು ಬೈಬಲಿನ 55ನೇ ಕೀರ್ತನೆ ಓದಿ. ಅಲ್ಲಿ ನೋಯಿಸಿದವನು ಹೊರಗಿನ ವೈರಿಯಲ್ಲ, ಜೊತೆಯಾಗಿ ದೇವಾಲಯಕ್ಕೆ ನಡೆದುಹೋಗುತ್ತಿದ್ದ ಆಪ್ತ. ಆಮೇಲೆ 109ನ್ನು ಓದಿ. ಅವನ ಆಯುಸ್ಸು ಕಡಿಮೆಯಾಗಲಿ, ಸಾಲ ಕೊಟ್ಟವನು ಅವನದ್ದೆಲ್ಲ ಕಸಿದುಕೊಳ್ಳಲಿ ಎನ್ನುವಷ್ಟು ಕಟು ಮಾತುಗಳು ಅಲ್ಲಿವೆ. ಪವಿತ್ರ ಗ್ರಂಥ ಅವನ್ನು ತೆಗೆದುಹಾಕದೆ ಉಳಿಸಿಕೊಂಡಿದೆ. ಆ ಮಾತುಗಳು ವೈರಿಯ ಕಿವಿಗಾಗಲಿ ಊರಿನ ಬಾಯಿಗಾಗಲಿ ಹೋಗಲಿಲ್ಲ, ದೇವರ ಮುಂದೆ ಬಿದ್ದವು. ಸೇಡನ್ನು ದೇವರ ಕೈಗೆ ಬಿಟ್ಟುಬಿಡಿ ಎಂದು ರೋಮಾಪುರ 12:19 ಹೇಳುವುದೂ ಇದನ್ನೇ. ನಿಮ್ಮ ಸಿಟ್ಟೂ ಅಲ್ಲಿಗೇ ಹೋಗಲಿ.

ಒಂದು ಹಾಳೆಯಲ್ಲಿ ನೀವು ಕಳೆದುಕೊಂಡದ್ದನ್ನು ಸಾಲುಸಾಲಾಗಿ ಬರೆಯಿರಿ: ಇಷ್ಟು ಹಣ, ಮನೆಯವರ ಮುಂದೆ ಹೋದ ಮಾನ, ನಿದ್ದೆ, ಹಾಡುವಾಗಿನ ಸಂತೋಷ. ‘ಎಲ್ಲವನ್ನೂ ಕ್ಷಮಿಸಿದೆ’ ಎಂದು ಒಂದೇ ಉಸಿರಿನಲ್ಲಿ ಹೇಳುವವರು ಸೋಲುವುದು ಇಲ್ಲೇ. ವಾರ ಕಳೆದ ಮೇಲೆ ಲೆಕ್ಕಕ್ಕೆ ಬಾರದ ಒಂದು ನೋವು ಎದ್ದಾಗ ಕ್ಷಮಿಸಿದ್ದೇ ಸುಳ್ಳು ಅನ್ನಿಸಿಬಿಡುತ್ತದೆ. ಒಂದೊಂದು ಸಾಲಿಗೂ ಬೆರಳಿಟ್ಟು, ‘ಇದಕ್ಕೆ ನಾನು ಸೇಡು ತೀರಿಸಿಕೊಳ್ಳುವುದಿಲ್ಲ, ತೀರ್ಪು ನಿನ್ನದು’ ಎನ್ನಿ. ಯಾವ ಸಾಲಿಗೆ ನಾಲಿಗೆ ಏಳುವುದಿಲ್ಲವೋ ಅದಕ್ಕೆ ಗುರುತು ಹಾಕಿ, ಮುಂದಿನ ವಾರ ಮತ್ತೆ ನೋಡಿ. ಹಾಳೆಯನ್ನು ಯಾರಿಗೂ ತೋರಿಸಬೇಡಿ.

ಅವರಿಗಾಗಿ ಮಾಡುವ ಪ್ರಾರ್ಥನೆ ಸದ್ಯಕ್ಕೆ ಒಂದೇ ವಾಕ್ಯ ಸಾಕು. ಹೆಸರು ಹಿಡಿದು, ನಿಮಗಾಗಿ ನೀವು ಕೇಳಿಕೊಳ್ಳುವಂಥ ಒಂದು ಒಳಿತನ್ನು ಕೇಳಿ: ಆರೋಗ್ಯ, ಮಕ್ಕಳ ಕ್ಷೇಮ, ಹೀಗೆ. ಅಲ್ಲಿಗೇ ನಿಲ್ಲಿಸಿ. ಉದ್ದವಾದರೆ ಪ್ರಾರ್ಥನೆ ದೂರಿನ ಪಟ್ಟಿಯಾಗುತ್ತದೆ. ‘ಅವರಿಗೆ ಬುದ್ಧಿ ಕೊಡು’ ಎಂಬುದು ತಪ್ಪಲ್ಲ, ಆದರೆ ಅದೊಂದನ್ನೇ ಕೇಳುತ್ತಿದ್ದರೆ ಆಮೆನ್ ಸೇರಿಸಿದ ಬೈಗುಳವೇ ಆಗುತ್ತದೆ. ಮಲಗುವ ಹೊತ್ತು ಬೇಡ, ಆಗ ನಡೆದದ್ದೆಲ್ಲ ಮತ್ತೆ ಕಣ್ಣ ಮುಂದೆ ಬರುತ್ತದೆ. ಬೆಳಗಿನ ಪ್ರಾರ್ಥನೆಯ ಕೊನೆಗೆ ಇಡಿ. ಲೂಕ 6:27-28ರಲ್ಲಿ ಯೇಸು ವೈರಿಗಳನ್ನು ಪ್ರೀತಿಸಿರಿ ಎಂದ ಕೂಡಲೇ ಉಪಕಾರ ಮಾಡಿ, ಆಶೀರ್ವದಿಸಿ, ಪ್ರಾರ್ಥಿಸಿ ಎನ್ನುತ್ತಾನೆ. ಮೂರೂ ಮನಸ್ಸು ತಣ್ಣಗಾಗುವ ಮುಂಚೆಯೇ ಮಾಡಬಹುದಾದ ಕೆಲಸಗಳು.

ಸಿಟ್ಟು ಮರಳಿ ಬರುತ್ತದೆ. ಎಷ್ಟು ಸಲ ಕ್ಷಮಿಸಬೇಕು ಎಂದು ಶಿಷ್ಯ ಪೇತ್ರ ಯೇಸುವನ್ನು ಕೇಳಿದ್ದು ಸಹೋದರ ಮತ್ತೆ ಮತ್ತೆ ಮಾಡುವ ತಪ್ಪಿನ ಬಗ್ಗೆ. ಆದರೆ ಒಂದೇ ತಪ್ಪು ನೆನಪಿನಲ್ಲಿ ನೂರು ಸಲ ನಡೆಯುತ್ತದೆ. ನಡೆದಷ್ಟು ಸಲವೂ ‘ತೀರ್ಪು ನಿನ್ನದು’ ಎಂಬ ಅದೇ ವಾಕ್ಯ ಹೇಳಿ. ಹಾಗೆಂದು ಅವರ ಬಳಿ ಹೋಗಿ ‘ನಿಮ್ಮನ್ನು ಕ್ಷಮಿಸಿದ್ದೇನೆ’ ಎನ್ನಬೇಡಿ. ತಪ್ಪನ್ನೇ ಒಪ್ಪದವರಿಗೆ ಅದು ಆಪಾದನೆಯಾಗಿ ಕೇಳಿಸುತ್ತದೆ. ಪ್ರಾರ್ಥನಾ ಕೂಟದಲ್ಲಿ ಅವರ ಹೆಸರನ್ನು ವಿಜ್ಞಾಪನೆಯಾಗಿ ಕೊಡುವುದೂ ಬೇಡ.

ಇನ್ನು ಕೇಸಿನ ಮಾತು. 1 ಕೊರಿಂಥ 6ರಲ್ಲಿ ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಅಪೊಸ್ತಲ ಪೌಲನು ಗದರಿಸುವುದು ನಿಜ. ಆದರೆ ವ್ಯಾಜ್ಯ ತೀರಿಸಬಲ್ಲ ಜಾಣ ಒಬ್ಬನೂ ನಿಮ್ಮಲ್ಲಿಲ್ಲವೇ ಎಂದು ಅವನು ಅಲ್ಲೇ ಕೇಳುತ್ತಾನೆ. ಕೇಸು ಬೇಡ ಎನ್ನುವ ಹಿರಿಯರು ಕೂತು ಲೆಕ್ಕ ನೋಡಲೇಬೇಕು. ಮತ್ತಾಯ 18:15-17ರ ಕ್ರಮ ಹಿಡಿಯಿರಿ. ಮೊದಲು ನೀವೊಬ್ಬರೇ, ಲೆಕ್ಕಪತ್ರದ ಪ್ರತಿಗಳೊಂದಿಗೆ. ಅವರು ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ. ಆ ಸಾಕ್ಷಿಗಳು ನಿಮ್ಮಿಬ್ಬರಿಗೂ ನೆಂಟರಲ್ಲದವರಾಗಿರಲಿ, ಒಬ್ಬರಿಗಾದರೂ ಲೆಕ್ಕ ಗೊತ್ತಿರಲಿ. ಒಪ್ಪಿದ ಮೊತ್ತ, ಕಂತು, ದಿನಾಂಕ ಬರೆದು ಇಬ್ಬರೂ ಸಹಿ ಮಾಡಿ. ಅದೂ ಆಗದಿದ್ದರೆ ಸಭೆಯ ಮುಂದೆ. ಈ ನಡುವೆ ವಕೀಲರನ್ನು ಇಂದೇ ಕಾಣಿ. ದಾವೆ ಹೂಡಲು ಕಾನೂನಿನಲ್ಲಿ ಕಾಲಮಿತಿ ಇರುತ್ತದೆ, ಮಾತುಕತೆಯಲ್ಲೇ ಅದು ಮುಗಿದುಹೋಗಬಾರದು. ಜಂಟಿ ಸಾಲವನ್ನು ಬ್ಯಾಂಕು ಸಾಮಾನ್ಯವಾಗಿ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಕೇಳಬಹುದು, ಅದು ಸಭೆಯ ತೀರ್ಮಾನಕ್ಕೆ ಕಾಯುವುದಿಲ್ಲ.

ಅನ್ಯಾಯವನ್ನು ಯಾಕೆ ಸಹಿಸಬಾರದು ಎಂದೂ ಪೌಲ ಕೇಳುತ್ತಾನೆ. ನಿಮ್ಮದನ್ನು ನೀವಾಗಿ ಬಿಟ್ಟುಕೊಡಬಹುದು. ನೀವು ಬಿಟ್ಟುಕೊಡಲೇಬೇಕು ಎಂದು ಅಪ್ಪಣೆ ಮಾಡುವ ಹಕ್ಕು ಇನ್ನೊಬ್ಬರಿಗಿಲ್ಲ. ಅದೇ ಪೌಲನು ಅನ್ಯಾಯವಾಗಿ ಹೊಡೆಸಿದ ಫಿಲಿಪ್ಪಿಯ ಅಧಿಕಾರಿಗಳೇ ಬಂದು ತನ್ನನ್ನು ಬಿಡಿಸಲಿ ಎಂದು ಪಟ್ಟುಹಿಡಿದವನು, ರೋಮಿನ ಚಕ್ರವರ್ತಿ ಕೈಸರನವರೆಗೆ ಅಹವಾಲು ಒಯ್ದವನು. ಒಂದು ಪರೀಕ್ಷೆ ಮಾಡಿಕೊಳ್ಳಿ: ನಾಳೆಯೇ ಪೂರ್ತಿ ಹಣ ಕೈಸೇರಿದರೆ ಕೇಸು ಬಿಡುತ್ತೀರಾ? ಹೌದಾದರೆ ನೀವು ಕೇಳುತ್ತಿರುವುದು ನ್ಯಾಯ. ಅವರು ತಲೆ ತಗ್ಗಿಸಿ ನಿಲ್ಲುವುದನ್ನೂ ನೋಡಬೇಕು ಅನ್ನಿಸಿದರೆ, ಕಾಲಮಿತಿ ಮುಗಿಯದಂತೆ ನೋಡಿಕೊಂಡು ಸ್ವಲ್ಪ ದಿನ ತಡೆಯಿರಿ.

ಮತ್ತೆ ಅವರನ್ನು ನಂಬಬೇಕೆಂದಿಲ್ಲ. 2 ತಿಮೊಥೆಯ 4ರಲ್ಲಿ ಪೌಲನು ತನ್ನನ್ನು ಕೈಬಿಟ್ಟವರ ಬಗ್ಗೆ ‘ಇದು ಅವರ ಲೆಕ್ಕಕ್ಕೆ ಸೇರದಿರಲಿ’ ಎನ್ನುತ್ತಾನೆ. ಅದಕ್ಕೆ ಸ್ವಲ್ಪ ಮೊದಲು, ತನಗೆ ಬಹಳ ಕೇಡು ಮಾಡಿದ ಕಂಚುಗಾರ ಅಲೆಕ್ಸಾಂದ್ರನ ಹೆಸರು ಹೇಳಿ, ಅವನ ವಿಷಯದಲ್ಲಿ ಎಚ್ಚರಿಕೆಯಾಗಿರು ಎಂದು ತಿಮೊಥೆಯನಿಗೆ ಬರೆದಿದ್ದಾನೆ. ಎದುರಾದಾಗ ವಂದಿಸಿ. ಜಂಟಿ ಖಾತೆ ಬೇಡ.

ಕರ್ತನ ಭೋಜನದಿಂದ ನೀವು ದೂರ ಉಳಿದಿರುವುದು ನಮಗೆ ತುಂಬಾ ನೋವು ತಂದಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಸಮಾಧಾನವಾಗು ಎಂಬ ಮತ್ತಾಯ 5:23-24ರ ಮಾತು, ತನ್ನ ಮೇಲೆ ಸಹೋದರನ ದೂರು ಇದೆಯೆಂದು ನೆನಪಾದವನಿಗೆ ಹೇಳಿದ್ದು. ಅದನ್ನು ತಿರುಗಿಸಿ ನೊಂದವರನ್ನೇ ದೂರ ನಿಲ್ಲಿಸುವುದು ಸರಿಯಲ್ಲ. ನೊಂದವರಿಗೆ ಹೇಳಿದ ಮಾತು ಮಾರ್ಕ 11:25ರಲ್ಲಿದೆ: ಪ್ರಾರ್ಥನೆಗೆ ನಿಂತಲ್ಲೇ ಕ್ಷಮಿಸಿ. ಈ ಭಾನುವಾರ ಹೋಗಿ, ಭೋಜನದಲ್ಲಿ ಪಾಲ್ಗೊಳ್ಳಿ. ಅವರ ಪಕ್ಕದಲ್ಲಿ ನಿಂತು ಹಾಡಲು ಇನ್ನೂ ಆಗದಿದ್ದರೆ, ಕಾರಣ ಹೇಳದೆ ಕೆಲವು ವಾರ ತಂಡದಿಂದ ಬಿಡುವು ಕೇಳಿ.