2,999ರಲ್ಲಿ ನಿಂತವರಿಗೆ ವಾಕ್ ಕೊಡಬಹುದೇ?

ಅಮೆರಿಕದ ಬೇಸ್‌ಬಾಲ್ ತಂಡ ಡೆಟ್ರಾಯಿಟ್ ಟೈಗರ್ಸ್‌ನ ಮಿಗೆಲ್ ಕಬ್ರೇರಾ ಅವರ 3,000ನೇ ಹಿಟ್ (ತನ್ನ ಹೊಡೆತದ ಬಲದಿಂದಲೇ ಬ್ಯಾಟರ್ ಓಟದ ದಾರಿಯ ಬೇಸ್ ತಲುಪುವುದು) ಸುತ್ತ ಬಂದ ಪ್ರಶ್ನೆಗಳೇ ಈ ಸಲ ಹೆಚ್ಚು. ಒಂದೇ ಥರದವನ್ನು ಒಟ್ಟಿಗೆ ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: 2022ರ ಏಪ್ರಿಲ್ 21ರ ಪಂದ್ಯದಲ್ಲಿ ಕಬ್ರೇರಾ 2,999 ಹಿಟ್‌ಗಳಲ್ಲಿ ನಿಂತಿದ್ದರು. ಊರಿಗೂರೇ ಕಾಯುತ್ತಿದ್ದಾಗ ನ್ಯೂಯಾರ್ಕ್ ಯಾಂಕೀಸ್ ತಂಡ ಬೇಕೆಂದೇ ವಾಕ್ (ಬ್ಯಾಟರ್‌ಗೆ ಹೊಡೆಯದೆಯೇ ಸಿಗುವ ಮೊದಲ ಬೇಸ್) ಕೊಟ್ಟು ಅವರನ್ನು ಮೊದಲ ಬೇಸ್‌ಗೆ ಕಳಿಸಿತು. ಆ ವಿಡಿಯೊ ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಇದು ಹೇಡಿತನವಲ್ಲವೇ?

ಉತ್ತರ: ಅಲ್ಲ. ಮೈಲಿಗಲ್ಲನ್ನು ಪಕ್ಕಕ್ಕಿಟ್ಟು ಆ ಹೊತ್ತಿನ ಆಟವನ್ನಷ್ಟೇ ನೋಡಿ. ಎಂಟನೇ ಇನಿಂಗ್, ಟೈಗರ್ಸ್ 1–0 ಮುಂದೆ, ಎರಡು ಔಟ್ ಆಗಿವೆ. ಎರಡನೇ ಮತ್ತು ಮೂರನೇ ಬೇಸ್‌ಗಳಲ್ಲಿ ಓಟಗಾರರಿದ್ದಾರೆ, ಮೊದಲ ಬೇಸ್ ಖಾಲಿ. ಎಸೆಯುತ್ತಿರುವವರು ಎಡಗೈ ಪಿಚರ್ ಲೂಕಾಸ್ ಲಿಟ್ಕಿ. ಕಬ್ರೇರಾ ಬಲಗೈ ಬ್ಯಾಟರ್. ಅವರ ನಂತರ ಬರಬೇಕಾದ ಆಸ್ಟಿನ್ ಮೆಡೋಸ್ ಎಡಗೈ ಬ್ಯಾಟರ್.

ಎಡಗೈ ಪಿಚರ್‌ನ ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ) ಎಡಗೈ ಬ್ಯಾಟರ್‌ನಿಂದ ದೂರ ಸರಿಯುತ್ತದೆ. ಬ್ಯಾಟಿನ ತುದಿಗೆ ಸಿಕ್ಕರೆ ಹೆಚ್ಚು, ಇಲ್ಲದಿದ್ದರೆ ಗಾಳಿಗೆ ಬೀಸಿದ ಹಾಗೆ. ಅದೇ ಚೆಂಡು ಬಲಗೈ ಬ್ಯಾಟರ್‌ನ ಕಡೆಗೆ ತಿರುಗಿ ಬರುತ್ತದೆ, ಕೈಯಿಂದ ಹೊರಟ ಗಳಿಗೆಯಿಂದಲೇ ಅವನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಕಬ್ರೇರಾ ಅವರನ್ನು ದಾಟಿ ಮೆಡೋಸ್‌ಗೆ ಎಸೆಯುವುದೇ ಲಾಭ. ಮೊದಲ ಬೇಸ್ ತುಂಬಿದರೆ ಇನ್ನೊಂದು ಅನುಕೂಲವಿದೆ: ಎಲ್ಲ ಬೇಸ್‌ಗಳಲ್ಲೂ ಫೋರ್ಸ್ ಔಟ್ ಸಿಗುತ್ತದೆ. ಓಟಗಾರನನ್ನು ಅಟ್ಟಿಸಿಕೊಂಡು ಹೋಗಿ ಚೆಂಡು ತಾಗಿಸಬೇಕಿಲ್ಲ, ಚೆಂಡು ಹಿಡಿದು ಬೇಸ್ ತುಳಿದರೆ ಮುಗಿಯಿತು. ಯಾಂಕೀಸ್ ಮ್ಯಾನೇಜರ್ ಆರನ್ ಬೂನ್ ಲೆಕ್ಕ ಹಾಕಿದ್ದು ಇಷ್ಟನ್ನೇ.

ಲೆಕ್ಕ ಕೈಕೊಟ್ಟದ್ದು ಮಾತ್ರ ತಮಾಷೆ. ಮೆಡೋಸ್ ಹೊಡೆದ ಚೆಂಡಿನಲ್ಲಿ ಜೋರೇ ಇರಲಿಲ್ಲ. ಆದರೂ ಅದು ಯಾರ ಕೈಗೂ ಎಟುಕದೆ ಹೊರಮೈದಾನದಲ್ಲಿ ಬಿದ್ದು ಡಬಲ್ (ಬ್ಯಾಟರ್ ಎರಡನೇ ಬೇಸ್ ತಲುಪುವ ಹಿಟ್) ಆಯಿತು, ಇಬ್ಬರು ಓಡಿ ಬಂದರು. ಪಂದ್ಯ 3–0. ಬೇಸ್‌ಗಳನ್ನು ತುಂಬಿಸಿಕೊಂಡರೆ ಇರುವ ಅಪಾಯವೇ ಇದು: ಮೈಮರೆತು ಇನ್ನೊಂದು ವಾಕ್ ಕೊಟ್ಟರೂ ರನ್, ಜೋರಿಲ್ಲದ ಹಿಟ್ ಬಿದ್ದರೂ ಎರಡು ರನ್.

ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದ್ದೂ ಸರಿಯೇ. ಅವರು ಟಿಕೆಟ್ ಕೊಂಡದ್ದು ಬೂನ್ ಅವರ ಲೆಕ್ಕ ನೋಡಲಿಕ್ಕಲ್ಲ.

ಪ್ರಶ್ನೆ: ಬೇಕೆಂದೇ ಕೊಡುವ ವಾಕ್‌ನಲ್ಲಿ ನಾಲ್ಕು ಚೆಂಡು ಹೊರಗೆ ಎಸೆಯಬೇಕಲ್ಲವೇ? ಅಂದು ಒಂದೂ ಎಸೆದ ಹಾಗೆ ಕಾಣಲಿಲ್ಲ.

ಉತ್ತರ: 2017ರಿಂದ ಎಸೆಯಬೇಕಿಲ್ಲ. ಮ್ಯಾನೇಜರ್ ಡಗೌಟ್‌ನಿಂದ (ತಂಡ ಕೂರುವ ಜಾಗ) ಅಂಪೈರ್‌ಗೆ ಸನ್ನೆ ಮಾಡಿದರೆ ಸಾಕು, ಬ್ಯಾಟರ್ ನೇರವಾಗಿ ಮೊದಲ ಬೇಸ್‌ಗೆ ನಡೆಯುತ್ತಾನೆ. ಸಮಯ ಉಳಿಸಲು ತಂದ ನಿಯಮ. ಇದರಿಂದ ಕಳೆದುಹೋದದ್ದೂ ಒಂದಿದೆ, ಅದಕ್ಕೆ ಕಬ್ರೇರಾ ಅವರೇ ಸಾಕ್ಷಿ. 2006ರಲ್ಲಿ ಮಾರ್ಲಿನ್ಸ್ ತಂಡದಲ್ಲಿದ್ದಾಗ ಬಾಲ್ಟಿಮೋರ್ ಓರಿಯೋಲ್ಸ್ ಪಿಚರ್ ಅವರಿಗೆ ಹೀಗೇ ವಾಕ್ ಕೊಡಲು ಹೊರಟ. ಹೊರಗೆ ಎಸೆದ ಚೆಂಡು ಸಾಕಷ್ಟು ಹೊರಗೆ ಹೋಗಲಿಲ್ಲ. ಕಬ್ರೇರಾ ಕೈ ಚಾಚಿ ಅದನ್ನೇ ಹೊಡೆದರು, ರನ್ ಬಂತು. ಹೊಸ ನಿಯಮದಲ್ಲಿ ಆ ಹಿಟ್‌ಗೆ ಜಾಗವೇ ಇಲ್ಲ.

ಪ್ರಶ್ನೆ: ಕೊನೆಗೆ 3,000ನೇ ಹಿಟ್ ಬಂದದ್ದು ಯಾವಾಗ? ಹೋಮ್ ರನ್ (ಗೋಡೆಯಾಚೆ ಹೋದ ಹೊಡೆತ) ಆಗಿತ್ತೇ?

ಉತ್ತರ: ಸಾದಾ ಸಿಂಗಲ್, ಅಂದರೆ ಮೊದಲ ಬೇಸ್‌ವರೆಗಿನ ಹಿಟ್. ಏಪ್ರಿಲ್ 22ರ ಪಂದ್ಯ ಮಳೆಗೆ ಹೋಯಿತು, 23ರಂದು ಒಂದೇ ದಿನ ಎರಡು ಪಂದ್ಯ. ಮೊದಲ ಪಂದ್ಯದ ಮೊದಲ ಇನಿಂಗ್‌ನಲ್ಲೇ ಕೊಲರಾಡೊ ರಾಕೀಸ್ ಪಿಚರ್ ಆಂಟೋನಿಯೊ ಸೆನ್ಸಟೇಲಾ ಅವರ ಚೆಂಡನ್ನು ಕಬ್ರೇರಾ ಬಲಗಡೆಗೆ ತಳ್ಳಿದರು. ರಾಕೀಸ್ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಹೋಸೆ ಇಗ್ಲೇಸಿಯಸ್, ಹಿಂದೆ ಡೆಟ್ರಾಯಿಟ್‌ನಲ್ಲಿ ಅವರ ಜೊತೆಗಾರ, ಓಡಿ ಬಂದು ಅಪ್ಪಿಕೊಂಡರು. ಪಂದ್ಯವನ್ನು ಟೈಗರ್ಸ್ 13–0ರಿಂದ ಗೆದ್ದರು.

ಬಲಗೈ ಬ್ಯಾಟರ್ ಬಲಗಡೆಗೆ ಹೊಡೆಯುವುದು ಸುಲಭವಲ್ಲ. ಚೆಂಡನ್ನು ಒಂದಿಷ್ಟು ಹೆಚ್ಚು ಹೊತ್ತು ಬಿಟ್ಟು, ಬ್ಯಾಟರ್ ಮುಂದಿರುವ ಪ್ಲೇಟ್‌ನ ಹತ್ತಿರ ಬಂದ ಮೇಲೆ ಬ್ಯಾಟ್ ತಾಗಿಸಬೇಕು. ಬೇಗ ಬೀಸಿದರೆ ಚೆಂಡು ಎಡಕ್ಕೇ ಹೋಗುತ್ತದೆ. ಕಬ್ರೇರಾ ಹೋಮ್ ರನ್‌ಗಳನ್ನೂ ಬಲಗಡೆಗೆ ಹೊಡೆಯುತ್ತಿದ್ದವರು. 39ರ ವಯಸ್ಸಿನಲ್ಲಿ ಶಕ್ತಿ ತಗ್ಗಿದರೂ ಆ ಕೈಚಳಕ ತಗ್ಗಿರಲಿಲ್ಲ. 2023ರಲ್ಲಿ ನಿವೃತ್ತರಾದಾಗ ಲೆಕ್ಕ 3,174 ಹಿಟ್, 511 ಹೋಮ್ ರನ್.

ಪ್ರಶ್ನೆ: ಬ್ಯಾಟರ್ ಚೆಂಡು ಹೊಡೆದು ಮೊದಲ ಬೇಸ್ ತಲುಪಿದರೂ ಕೆಲವೊಮ್ಮೆ ಹಿಟ್ ಕೊಡುವುದಿಲ್ಲ. ಯಾಕೆ? ಇದನ್ನು ತೀರ್ಮಾನಿಸುವವರು ಯಾರು?

ಉತ್ತರ: ತೀರ್ಮಾನ ಅಂಪೈರ್‌ನದಲ್ಲ, ಮೇಲೆ ಕೂತ ಅಧಿಕೃತ ಸ್ಕೋರರ್‌ನದು. ಅವರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಫೀಲ್ಡರ್ ಸಾಮಾನ್ಯ ಪ್ರಯತ್ನ ಮಾಡಿದ್ದರೆ ಈ ಬ್ಯಾಟರ್ ಔಟ್ ಆಗುತ್ತಿದ್ದನೇ? ಹೌದಾದರೆ ಅದು ಎರರ್, ಹಿಟ್ ಅಲ್ಲ. ಎರರ್ ಕೊಡಲು ಫೀಲ್ಡರ್ ಚೆಂಡನ್ನು ಮುಟ್ಟಿರಲೇಬೇಕೆಂದಿಲ್ಲ. ಕಾಲ ನಡುವೆ ನುಸುಳಿ ಹೋದ ಚೆಂಡೂ ಎರರ್ ಆಗಬಹುದು.

ಹೆಚ್ಚು ಜನ ಎಡವುವುದು ಫೀಲ್ಡರ್ಸ್ ಚಾಯ್ಸ್‌ನಲ್ಲಿ. ಮೊದಲ ಬೇಸ್‌ನಲ್ಲಿ ಓಟಗಾರನಿದ್ದಾನೆ, ಬ್ಯಾಟರ್ ಹೊಡೆದ ಚೆಂಡನ್ನು ಶಾರ್ಟ್‌ಸ್ಟಾಪ್ ಹಿಡಿದು ಎರಡನೇ ಬೇಸ್‌ಗೆ ಎಸೆದು ಆ ಓಟಗಾರನನ್ನು ಔಟ್ ಮಾಡುತ್ತಾನೆ. ಬ್ಯಾಟರ್ ಮೊದಲ ಬೇಸ್‌ನಲ್ಲಿ ಕ್ಷೇಮವಾಗಿದ್ದಾನೆ, ಆದರೆ ಹಿಟ್ ಇಲ್ಲ. ಚೆಂಡು ಹೊರಮೈದಾನಕ್ಕೆ ಹೋಗಿ ನೆಲಕ್ಕೆ ಬಿದ್ದು, ಅಲ್ಲಿಂದ ಎಸೆದು ಓಟಗಾರನನ್ನು ಎರಡನೇ ಬೇಸ್‌ನಲ್ಲಿ ಫೋರ್ಸ್ ಔಟ್ ಮಾಡಿದರೂ ಹಿಟ್ ಇಲ್ಲ. ಇದು ಅಪರೂಪ, ಆದರೆ ನಡೆಯುತ್ತದೆ. ಇದಕ್ಕೆ ತದ್ವಿರುದ್ಧ: ಹೊಡೆದ ಚೆಂಡು ಇನ್‌ಫೀಲ್ಡರ್ ಮುಟ್ಟುವ ಮೊದಲೇ ತನ್ನದೇ ತಂಡದ ಓಟಗಾರನಿಗೆ ಬಡಿದರೆ ಓಟಗಾರ ಔಟ್, ಬ್ಯಾಟರ್‌ಗೆ ಮಾತ್ರ ಹಿಟ್! ಸಿಂಗಲ್ ಹೊಡೆದು ದುರಾಸೆಯಿಂದ ಎರಡನೇ ಬೇಸ್‌ಗೆ ಓಡಿ ಔಟಾದವನಿಗೂ ಆ ಸಿಂಗಲ್ ಉಳಿಯುತ್ತದೆ.

ಸ್ಕೋರರ್ ಪಂದ್ಯ ಮುಗಿದ 24 ಗಂಟೆಯೊಳಗೆ ತನ್ನ ತೀರ್ಮಾನ ಬದಲಿಸಬಹುದು. ಆಟಗಾರ ಅಥವಾ ತಂಡ 72 ಗಂಟೆಯೊಳಗೆ ಲೀಗ್‌ಗೆ ಮೇಲ್ಮನವಿ ಸಲ್ಲಿಸಬಹುದು. ಆದ್ದರಿಂದ ಮೈಲಿಗಲ್ಲಿನ ಸಮೀಪ ಒಂದು ಹಿಟ್ ಸಂಶಯದ್ದಾಗಿದ್ದರೆ ಕುಣಿಯುವ ಮುನ್ನ ಒಂದೆರಡು ದಿನ ತಾಳುವುದು ಒಳ್ಳೆಯದು.

1972ರ ಸೆಪ್ಟೆಂಬರ್ 29ರಂದು ಪಿಟ್ಸ್‌ಬರ್ಗ್ ಪೈರೇಟ್ಸ್‌ನ ರೊಬೆರ್ಟೊ ಕ್ಲೆಮೆಂಟೆ ಇದನ್ನು ಅನುಭವಿಸಿದರು. ಅವರೂ 2,999ರಲ್ಲಿದ್ದರು. ನ್ಯೂಯಾರ್ಕ್ ಮೆಟ್ಸ್ ಪಿಚರ್ ಟಾಮ್ ಸೀವರ್ ಎಸೆದ ಚೆಂಡನ್ನು ನೆಲಕ್ಕೆ ಹೊಡೆದರು; ಅದು ಪುಟಿದು ಮೆಟ್ಸ್‌ನ ಎರಡನೇ ಬೇಸ್‌ಮನ್ ಕೆನ್ ಬಾಸ್ವೆಲ್ ಕೈಗೆ ಬಂದು ಜಾರಿತು. ಸ್ಕೋರರ್ ಎರರ್ ಎಂದರು. ಮರುದಿನ ಜಾನ್ ಮ್ಯಾಟ್ಲ್ಯಾಕ್ ಚೆಂಡಿಗೆ ಡಬಲ್ ಹೊಡೆದು 3,000 ತಲುಪಿದರು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆಮೇಲೆ ರೆಡ್ಸ್ ವಿರುದ್ಧ ಪ್ಲೇಆಫ್‌ನಲ್ಲೂ ಹಿಟ್ ಹೊಡೆದರು, ಆದರೆ ಪ್ಲೇಆಫ್ ಹಿಟ್‌ಗಳು ವೃತ್ತಿಜೀವನದ ಮೊತ್ತಕ್ಕೆ ಸೇರುವುದಿಲ್ಲ. ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡರು. ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಇಂದಿಗೂ 3,000 ಎಂದೇ ಇದೆ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ.

ಪ್ರಶ್ನೆ: 3,000 ಅಷ್ಟು ಕಷ್ಟವೇ? ಹೋಮ್ ರನ್ ದಾಖಲೆಯ ಬ್ಯಾರಿ ಬಾಂಡ್ಸ್‌ಗೇ ಯಾಕೆ ಸಿಗಲಿಲ್ಲ?

ಉತ್ತರ: ವರ್ಷಕ್ಕೆ 150ರಂತೆ 20 ವರ್ಷ, ಅಥವಾ 200ರಂತೆ 15 ವರ್ಷ. ಈವರೆಗೆ ತಲುಪಿದವರು 33 ಮಂದಿ. ಗಾಯವಾಗಿ ಒಂದು ವರ್ಷ ಹೊರಗೆ ಕೂತರೆ ಆ 150 ಮತ್ತೆ ಬರುವುದಿಲ್ಲ.

ಬಾಂಡ್ಸ್ 2,935ಕ್ಕೆ ನಿಂತರು, 65 ಕಡಿಮೆ. ಕಾರಣ ಅವರು ಪಡೆದ 2,558 ವಾಕ್‌ಗಳು. ಅವುಗಳಲ್ಲಿ 688 ಎದುರಾಳಿಗಳು ಹೆದರಿ ಬೇಕೆಂದೇ ಕೊಟ್ಟವು. ತಂಡಕ್ಕೆ ವಾಕ್ ಒಳ್ಳೆಯದೇ, ಆದರೆ ಹಿಟ್ ಲೆಕ್ಕದಲ್ಲಿ ಅದು ಸೊನ್ನೆ. ಒಬ್ಬ ಬ್ಯಾಟರ್ ಒಂದು ಪಂದ್ಯದಲ್ಲಿ ಐದು ಸಲ ಬಂದ ಎಂದಿಟ್ಟುಕೊಳ್ಳಿ: ಎರಡು ಹಿಟ್, ಒಂದು ಎರರ್‌ನಿಂದ ಬೇಸ್, ಒಂದು ವಾಕ್, ಒಂದು ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟಾದರೂ ಓಟಗಾರನಿಗೆ ರನ್ ತಂದ ಹೊಡೆತ). ವಾಕ್ ಮತ್ತು ಸ್ಯಾಕ್ರಿಫೈಸ್ ಅಟ್-ಬ್ಯಾಟ್‌ಗೆ (ಸರಾಸರಿಗೆ ಎಣಿಸುವ ಸರದಿ) ಸೇರುವುದಿಲ್ಲ, ಉಳಿದದ್ದು ಮೂರು. ಎರರ್ ಮಾತ್ರ ಅಟ್-ಬ್ಯಾಟ್‌ಗೆ ಸೇರುತ್ತದೆ, ಹಿಟ್‌ಗೆ ಸೇರುವುದಿಲ್ಲ. ಆ ದಿನದ ಸರಾಸರಿ ಮೂರಕ್ಕೆ ಎರಡು, ಅಂದರೆ .667.

ಪ್ರಶ್ನೆ: ಪಿಚರ್‌ಗಳ 3,000 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಲ್ಲಿ ಬ್ಯಾಟರ್‌ನನ್ನು ಔಟ್ ಮಾಡುವುದು) ಇದಕ್ಕಿಂತ ದೊಡ್ಡದೇ?

ಉತ್ತರ: ಅಪರೂಪದ್ದಂತೂ ಹೌದು. 2025ರ ಜುಲೈ 2ರಂದು ಡಾಜರ್ಸ್‌ನ ಕ್ಲೇಟನ್ ಕರ್ಶಾ ಅಲ್ಲಿಗೆ ತಲುಪಿದ 20ನೆಯವರು, ಎಡಗೈಯವರಲ್ಲಿ ನಾಲ್ಕನೆಯವರು. ಎದುರಾಳಿ ಶಿಕಾಗೊ ವೈಟ್ ಸಾಕ್ಸ್. ಪಂದ್ಯ ಶುರುವಾದಾಗ ಮೂರು ಬೇಕಿತ್ತು. ಮೂರನೆಯದು ಬಂದದ್ದು ಆರನೇ ಇನಿಂಗ್‌ನಲ್ಲಿ, ಆ ರಾತ್ರಿಯ ನೂರನೇ ಎಸೆತದಲ್ಲಿ. ವಿನ್ನಿ ಕಾಪ್ರಾ ಬ್ಯಾಟ್ ಬೀಸದೆ ನಿಂತು ನೋಡಿದ ಸ್ಲೈಡರ್ ಅದು. 37 ವರ್ಷದವರ ತೋಳು ನೂರು ಎಸೆತಕ್ಕೆ ದಣಿದಿರುತ್ತದೆ. ದಣಿದಾಗ ಸ್ಲೈಡರ್ ತಿರುಗದೆ ಪ್ಲೇಟ್‌ನ ನಡುವೆ ತೂಗುತ್ತದೆ, ಅಂಥದ್ದನ್ನೇ ಬ್ಯಾಟರ್‌ಗಳು ಗೋಡೆಯಾಚೆ ಕಳಿಸುವುದು. ಸಾಧಾರಣ ದಿನವಾಗಿದ್ದರೆ ಮ್ಯಾನೇಜರ್ ಡೇವ್ ರಾಬರ್ಟ್ಸ್ ಅಷ್ಟು ಹೊತ್ತು ಬಿಡುತ್ತಿರಲಿಲ್ಲ ಎಂಬುದು ನಮ್ಮ ಊಹೆ. ಡಾಜರ್ಸ್ ಒಂಬತ್ತನೇ ಇನಿಂಗ್‌ನಲ್ಲಿ ಮೂರು ರನ್ ಗಳಿಸಿ 5–4ರಿಂದ ಗೆದ್ದದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ.

ಪ್ರಶ್ನೆ: ಟಿವಿ ನೋಡುತ್ತಾ ಸ್ಕೋರ್‌ಕಾರ್ಡ್ ಬರೆಯಲು ಕಲಿಯಬೇಕು. ಎಲ್ಲಿಂದ ಆರಂಭಿಸಲಿ?

ಉತ್ತರ: ಫೀಲ್ಡರ್‌ಗಳ ಸಂಖ್ಯೆ ಬಾಯಿಪಾಠ ಮಾಡಿ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ 6, ಎಡ ಹೊರಮೈದಾನ 7, ನಡು 8, ಬಲ 9. ಇದು ಜೆರ್ಸಿ ಸಂಖ್ಯೆಯಲ್ಲ, ನಿಲ್ಲುವ ಜಾಗದ ಸಂಖ್ಯೆ. ಶಾರ್ಟ್‌ಸ್ಟಾಪ್ ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3. ಶಾರ್ಟ್‌ಸ್ಟಾಪ್‌ನಿಂದ ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲ ಬೇಸ್‌ಗೆ ಹೋದ ಡಬಲ್ ಪ್ಲೇ (ಒಂದೇ ಚೆಂಡಿಗೆ ಇಬ್ಬರು ಔಟ್) 6-4-3. ಸ್ಟ್ರೈಕ್‌ಔಟ್‌ಗೆ ಇಂಗ್ಲಿಷಿನ ಕೆ ಅಕ್ಷರ. ಕಾಪ್ರಾ ಥರ ಬೀಸದೆ ನಿಂತು ಔಟಾದರೆ ಅದೇ ಕೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಿರಿ.

ಹೊಸಬರು ಮಾಡುವ ತಪ್ಪು: ಪೆನ್ನಿನಲ್ಲಿ ಬರೆಯುವುದು. ಮೇಲೆ ಹೇಳಿದ ಹಾಗೆ ಹಿಟ್ ಎರರ್ ಆಗಬಹುದು, ಎರರ್ ಹಿಟ್ ಆಗಬಹುದು. ಪೆನ್ಸಿಲ್ ಇಟ್ಟುಕೊಳ್ಳಿ, ಜೊತೆಗೊಂದು ರಬ್ಬರ್.

ಪ್ರಶ್ನೆ: ಇಚಿರೊ ಸುಜುಕಿ 4,367 ಹಿಟ್ ಹೊಡೆದಿದ್ದಾರೆ. ಹಾಗಿದ್ದೂ ಪೀಟ್ ರೋಸ್ ಅವರ 4,256 ದಾಖಲೆ ಹೇಗೆ ಉಳಿದಿದೆ?

ಉತ್ತರ: ಅವುಗಳಲ್ಲಿ 1,278 ಜಪಾನಿನ ಲೀಗ್‌ನವು. ಅಮೆರಿಕದ ಮೇಜರ್ ಲೀಗ್ ಲೆಕ್ಕದಲ್ಲಿ ಇಚಿರೊ ಅವರದು 3,089, ಅದೂ 27ನೇ ವಯಸ್ಸಿನಲ್ಲಿ ಅಲ್ಲಿಗೆ ಹೋದ ಮೇಲೆ ಹೊಡೆದದ್ದು.