ಕ್ವಿನೋವಾ ತಿನ್ನುವುದು ಬಿಡಬೇಕೇ?

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: "ಸಕ್ಕರೆ ಕಾಯಿಲೆ ಬಂದಮೇಲೆ ಕ್ವಿನೋವಾ ಉಪ್ಪಿಟ್ಟು ತಿನ್ನುತ್ತಿದ್ದೇನೆ. ನಮ್ಮಂಥವರಿಂದ ಬೆಲೆ ಏರಿ, ಆ ಕಾಳನ್ನು ಬೆಳೆಯುವ ದಕ್ಷಿಣ ಅಮೆರಿಕದ ಬೊಲಿವಿಯಾ, ಪೆರು ದೇಶಗಳ ಬೆಟ್ಟದ ಜನರೇ ಹಸಿದಿದ್ದಾರೆಂದು ಓದಿದೆ. ಬಿಟ್ಟುಬಿಡಲೇ?"

ಸಂಪಾದಕರ ಉತ್ತರ: ನಿಮ್ಮ ಕಾಳಜಿ ದೊಡ್ಡದು. ಆದರೆ ಹಸಿವಿನ ಭಾರ ಹೊತ್ತುಕೊಳ್ಳಬೇಡಿ. 2006ರಿಂದ 2013ರೊಳಗೆ ಬೆಲೆ ಸುಮಾರು ಮೂರು ಪಟ್ಟಾಗಿದ್ದು ನಿಜ. ಆದರೆ ಪೆರುವಿನ ಮನೆಗಳ ಖರ್ಚಿನ ಲೆಕ್ಕ ತೆಗೆದು ನೋಡಿದ ಅರ್ಥಶಾಸ್ತ್ರಜ್ಞರಿಗೆ, ಕೊಂಡು ತಿನ್ನುವವರಿಗೂ ದೊಡ್ಡ ಪೆಟ್ಟು ಬಿದ್ದದ್ದು ಕಾಣಲಿಲ್ಲ.

ಆ ಬೆಟ್ಟದ ಜನರ ತಟ್ಟೆಯಲ್ಲಿ ಕ್ವಿನೋವಾ ಕಡಿಮೆಯಾದದ್ದು ಅದಕ್ಕೂ ಎಷ್ಟೋ ಮುಂಚೆ. 1950ರ ದಶಕದಿಂದ ಅಮೆರಿಕದ ನೆರವಿನ ಗೋಧಿ ಬೊಲಿವಿಯಾಕ್ಕೆ ಬರತೊಡಗಿತು. ಬ್ರೆಡ್ಡು, ನೂಡಲ್ಸ್ ಅಗ್ಗ, ಕೆಲಸವೂ ಕಡಿಮೆ. ಕ್ವಿನೋವಾ ಕಾಳಿನ ಮೇಲೆ ಸಪೋನಿನ್ ಎಂಬ ಕಹಿ ಪದರ ಇರುತ್ತದೆ. ಕಾಳು ಹುರಿದು, ಕಲ್ಲಿನ ಗುಳಿಗೆ ಹಾಕಿ ಕಾಲಿನಿಂದ ತುಳಿದು, ತೂರಿ, ನೊರೆ ಹೋಗುವ ತನಕ ತೊಳೆಯಬೇಕು. ಮೇಲಾಗಿ ಪೇಟೆಯ ಜನ ಅದನ್ನು ಬಡ ಮೂಲನಿವಾಸಿಗಳ ಊಟವೆಂದು ಕೀಳಾಗಿ ಕಂಡರು. ನಮ್ಮಲ್ಲೂ ರಾಗಿಮುದ್ದೆಗೆ ಹೀಗೇ ಆಗಿತ್ತು, ಅಲ್ವಾ?

ನನಗೆ ಸಂಕಟವಾಗುವುದು ನೆಲದ ಗತಿ ನೋಡಿ. ದಕ್ಷಿಣ ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನ ಸುತ್ತಲಿನ ಸೀಮೆ 3,600 ಮೀಟರ್‌ಗೂ ಎತ್ತರದಲ್ಲಿದೆ. ಮಳೆ ಕಡಿಮೆ, ಗಾಳಿ ಜಾಸ್ತಿ. ಅಲ್ಲಿನ ಐಮಾರಾ, ಕೆಚುವಾ ಎಂಬ ಮೂಲನಿವಾಸಿ ಸಮುದಾಯಗಳ ರೈತರು ಗುಡ್ಡದ ಇಳಿಜಾರಿನಲ್ಲಿ ಕೈಯಿಂದ ಬಿತ್ತುತ್ತಿದ್ದರು, ಬೆಳೆ ತೆಗೆದ ಮೇಲೆ ನೆಲವನ್ನು ವರ್ಷಗಟ್ಟಲೆ ಬೀಳು ಬಿಡುತ್ತಿದ್ದರು. ಕೆಳಗಿನ ಬಯಲಿನಲ್ಲಿ ಲಾಮಾ ಎಂಬ, ಒಂಟೆ ಜಾತಿಯ ಸಾಕುಪ್ರಾಣಿಗಳು ಮೇಯುತ್ತಿದ್ದವು. ಅವುಗಳ ಗೊಬ್ಬರ ಹೊಲಕ್ಕೆ, ಮಾಂಸ ಮನೆಗೆ. ರೇಟು ಏರಿದ್ದೇ ತಡ, ಬಯಲಿಗೆ ಟ್ರ್ಯಾಕ್ಟರ್ ಇಳಿಯಿತು. ಮಣ್ಣು ಹಿಡಿದಿದ್ದ ಪೊದೆಗಳು ಹೋದವು. ಮೇವಿಲ್ಲದೆ ಲಾಮಾ ಕಡಿಮೆಯಾದವು, ಗೊಬ್ಬರವೂ ಕಡಿಮೆಯಾಯಿತು. ಸಡಿಲ ಮಣ್ಣನ್ನು ಗಾಳಿ ಹೊತ್ತೊಯ್ದಿತು. ಅಷ್ಟರಲ್ಲಿ ಪೆರುವಿನ ಕರಾವಳಿಯಲ್ಲೂ ಬೆಳೆದು, 2015ರ ಹೊತ್ತಿಗೆ ಬೆಲೆ ಬಿದ್ದುಹೋಯಿತು. ಆ ಚಳಿಯಲ್ಲಿ ಪೊದೆಗಳು ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಈಗ ನೀವು ಸುಮ್ನೆ ಬಿಟ್ಟರೆ ಆ ರೈತರಿಗೇನೂ ಲಾಭವಿಲ್ಲ. ಪೊಟ್ಟಣದ ಹಿಂದೆ ಎಲ್ಲಿ ಬೆಳೆದದ್ದು ಎಂದು ನೋಡಿ. ಈಗ ರಾಜಸ್ಥಾನ, ಆಂಧ್ರದಲ್ಲೂ ಬೆಳೆಯುತ್ತಾರೆ. ಬೊಲಿವಿಯಾದ ರೈತ ಸಹಕಾರ ಸಂಘಗಳ ಕಾಳು ಸಿಕ್ಕರೆ ಧಾರಾಳವಾಗಿ ಕೊಳ್ಳಿ. ನಡುನಡುವೆ ನವಣೆ, ಸಾಮೆಯ ಉಪ್ಪಿಟ್ಟನ್ನೂ ಮಾಡಿ. ಎಷ್ಟು ತಿನ್ನಬೇಕೆಂದು ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.